ಒಲೆ ಪಕ್ಕದ ಬುಟ್ಟಿ

"ನಿನ್ನ ಕೈ ಬುಟ್ಟಿಗೆ ತಾಕಬಾರದು ಅಂತ ಅದಕ್ಕ ಹೇಳಿದ್ದೆ," ಎನ್ನುತ್ತ ಹೊಳೆವ್ವ ಒಡೆದ ತತ್ತಿಯೊಂದನ್ನು ಹಿರಿಸೊಸೆ ಸಾವಂತ್ರವ್ವನ ಮುಂದೆ ಇಟ್ಟಳು. ಒಳಗೆ ಮರಿ ಸತ್ತಿತ್ತು. "ನೋಡೀಗ, ನಿನ್ನ ಕೈಗುಣ."

ಸಾವಂತ್ರವ್ವನಿಗೆ ಮೈಯೆಲ್ಲ ಉರಿದುಹೋಯಿತು. ಗಂಡ ತೀರಿಕೊಂಡ ಮೇಲೆ ಅತ್ತೆ ಅವಳ ಕೈಗೆ ಅರಿಷಿಣ ಕುಂಕುಮದ ತಟ್ಟೆ ಕೊಟ್ಟಿರಲಿಲ್ಲ, ಬಿತ್ತುವ ಬೀಜದ ಗಡಿಗೆ ಮುಟ್ಟಗೊಟ್ಟಿರಲಿಲ್ಲ. ಅದನ್ನೆಲ್ಲ ಹಲ್ಲು ಕಚ್ಚಿ ನುಂಗಿದ್ದಳು. ಆದರೆ ಈ ಕೋಳಿ ಅವಳದು, ತವರಿನಿಂದ ತಂದದ್ದು. ಮಾಸೂರಿನ ಬೇಸಿಗೆಗೆ ತತ್ತಿ ಒಣಗಬಾರದೆಂದು ಬುಟ್ಟಿಯ ತಳಕ್ಕೆ ಕೆರೆಯ ಹಸಿ ಉಸುಕು ಹಾಕಿ, ಮೇಲೆ ಹುಲ್ಲು ಹಾಸಿ, ತಂಪಿನ ಮೂಲೆಯಲ್ಲಿ ಕೋಳಿಯನ್ನು ಕಾವಿಗೆ ಕೂಡ್ರಿಸಿದ್ದಳು. ಉಸುಕು ಆರಿದಾಗೆಲ್ಲ ನೀರು ಚಿಮುಕಿಸುತ್ತಿದ್ದಳು.

ಇನ್ನೇನು ಮರಿ ಹೊರಬರಬೇಕು ಎನ್ನುವಾಗ ಹೊಳೆವ್ವ ಉಸುಕನ್ನು ಅಂಗಳಕ್ಕೆ ಸುರಿದು, ಬುಟ್ಟಿಗೆ ಒಣ ಬೂದಿ ತುಂಬಿ, ಕೋಳಿಯನ್ನೂ ತತ್ತಿಗಳನ್ನೂ ಒಲೆ ಪಕ್ಕದ ಕಟ್ಟೆಗೆ ಏರಿಸಿದ್ದಳು. ಗಂಡ ಸತ್ತವಳ ದೃಷ್ಟಿ ಬೂದಿಯಿಂದ ಕಳೆಯುತ್ತದಂತೆ. ಒಲೆಯ ಝಳಕ್ಕೆ ಕೋಳಿಯೇ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೂ ಅತ್ತೆಯ ಕಣ್ಣಿಗೆ ಕಂಡದ್ದು ಸೊಸೆಯ ಕೈ ಮಾತ್ರ.

"ಇನ್ನ ಶಾರಿ ಬಾಣಂತನದಾಗ ನೀ ಕೋಣಿ ಹೊಸ್ತಲಾ ದಾಟಬ್ಯಾಡ," ಎಂದಳು ಹೊಳೆವ್ವ. "ಕೂಸಿನ್ನ ಎತ್ತೂದಂತೂ ಬ್ಯಾಡೇ ಬ್ಯಾಡ."

ಗೋಡೆಗೆ ಒರಗಿ ಕುಳಿತಿದ್ದ ಕಿರಿಸೊಸೆ ಶಾರವ್ವ ತಲೆ ಎತ್ತಿದಳು. ತುಂಬು ಬಸುರಿ, ತವರೆಂಬುದಿಲ್ಲದವಳು. ಹೆರಿಗೆಯಲ್ಲಿ ಜೊತೆಗಿರಬೇಕೆಂದು ಅವಳು ನೆಗೆಣ್ಣಿಯಿಂದ ಮಾತು ತೆಗೆದುಕೊಂಡಿದ್ದಳು. ಸಾವಂತ್ರವ್ವನೂ ಆ ಕೂಸಿಗಾಗಿ ಹಳೆಯ ಸೀರೆ ಹರಿದು ಕೌದಿ ಹೊಲಿದಿಟ್ಟಿದ್ದಳು.

ಅಷ್ಟರಲ್ಲಿ ಬುಟ್ಟಿಯೊಳಗಿಂದ ಸಣ್ಣಗೆ ಚಿಂವ್‌ ಎಂದಿತು. ಸಾವಂತ್ರವ್ವ ನೆಟ್ಟಗೆ ಹೋಗಿ ಸದ್ದು ಬಂದ ತತ್ತಿಯನ್ನು ಕೈಗೆತ್ತಿಕೊಂಡಳು. ಚಿಪ್ಪು ಬಿರಿದ ಕಡೆ ಕೊಕ್ಕಿನ ತುದಿ ಅಲ್ಲಾಡುತ್ತಿತ್ತು.

"ಮುಟ್ಟಬ್ಯಾಡ ಅಂದ್ನೆಲ್ಲ."

"ಮುಟ್ಟತೇನಿ ಅತ್ತಿ. ನೀವು ಸತ್ತ ಮರಿ ತೋರಿಸಿದ್ರೆಲ್ಲ, ಅದನ್ನ ಚಂದಂಗ ನೋಡ್ರಿ. ಮೈಮ್ಯಾಲೆ ಪುಚ್ಚ ಬಂದಾವು, ಕಾಲಿಗೆ ಉಗುರು ಬಂದಾವು. ನನ್ನ ಕೈಯಾಗ ಇರೂತನಕ ಬೆಳದೈತಿ. ನಿಮ್ಮ ಬೂದ್ಯಾಗ ಪೊರಿ ಒಣಗಿ ಮೈಗೆ ಹತ್ತಿ, ಹೊರಗ ಬರಾಕ ಆಗದ ಸತ್ತೈತಿ. ತಪ್ಪು ನಿಮ್ಮದು, ಹೆಸರು ನನ್ನ ಕೈದು."

ಈ ಮನೆಗೆ ಬಂದಾಗಿನಿಂದ ಅತ್ತೆಯ ಎದುರು ಅವಳು ಇಷ್ಟು ಮಾತಾಡಿದ್ದು ಇದೇ ಮೊದಲು.

ಸಾವಂತ್ರವ್ವ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ತತ್ತಿಗೆ ಸುತ್ತಿದಳು. ಅವಸರ ಮಾಡಲಿಲ್ಲ. ಪೊರೆ ಮೆತ್ತಗಾದಂತೆ ಬೆರಳ ತುದಿಯಿಂದ ಒಂದಿಷ್ಟು ಬಿಡಿಸುವಳು, ಮತ್ತೆ ಒದ್ದೆ ಮಾಡುವಳು, ಕಾಯುವಳು. ಬಹಳ ಹೊತ್ತಿನ ಮೇಲೆ ಮರಿ ಕಾಲು ಝಾಡಿಸಿ ಅವಳ ಅಂಗೈಗೆ ಜಾರಿತು. ಒದ್ದೆ ಮುದ್ದೆಯಂತಿತ್ತು, ಆದರೆ ಉಸಿರಾಡುತ್ತಿತ್ತು. ಅದನ್ನು ಕೋಳಿಯ ರೆಕ್ಕೆಯಡಿ ಸೇರಿಸಿದಳು. ಬುಟ್ಟಿಯ ಉಳಿದ ತತ್ತಿಗಳಲ್ಲಿ ಜೀವದ ಸದ್ದಿರಲಿಲ್ಲ.

"ಒಂದ ಬದುಕಿದ್ರ ಏನಾತು," ಎಂದು ಹೊಳೆವ್ವ ಮುಖ ತಿರುವಿದಳು. "ಉಳದದ್ದೆಲ್ಲ ಹೋತಲ್ಲ. ಬಾಣಂತಿ ಕೋಣಿಗೆ ಬರಬ್ಯಾಡ ಅಂದದ್ದು ಅಂದದ್ದ."

ಸಾವಂತ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳಹೋದಳು. ಅಷ್ಟರಲ್ಲಿ ಶಾರವ್ವ ಗೋಡೆ ಹಿಡಿದು ಎದ್ದು, ಅತ್ತೆಯನ್ನು ದಾಟಿ ಬಂದು, ಅವಳ ಎದುರು ಕುಳಿತಳು.

"ಅಕ್ಕಾ, ಒದ್ಯಾಕತ್ತೈತಿ, ನೋಡಿಲ್ಲೆ."

ಆ ಒದ್ದೆ ಕೈಯನ್ನು ಹಿಡಿದೆಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಹೊಳೆವ್ವ ನೋಡುತ್ತಲೇ ನಿಂತಳು. ಕೈ ತೆಗೆದಾಗ ಸೀರೆಯ ಮೇಲೆ ಐದೂ ಬೆರಳು ಒದ್ದೆಯಾಗಿ ಮೂಡಿದ್ದವು. ಶಾರವ್ವ ಅದನ್ನು ಒರೆಸಿಕೊಳ್ಳಲಿಲ್ಲ.