ಐದು ದಿನ ಮುಂಚಿನ ಹುಟ್ಟುಹಬ್ಬ

ಕ್ಯಾನ್ಸರ್ ವಾಸಿಯಾದ ಮೇಲೂ ಅಜ್ಜಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿರಲಿಲ್ಲ. ರಿಪೋರ್ಟ್ ಬರುವ ಮೊದಲೇ ಮನೆಯ ಸಂಭ್ರಮಗಳನ್ನೆಲ್ಲ ಮುಗಿಸಿಬಿಡುವುದು ಅವಳೇ ತಂದ ರೂಢಿ. ಈ ಸಲ ಬುಧವಾರ ರಿಪೋರ್ಟ್, ಗುರುವಾರ ಮೊಮ್ಮಗಳ ಹುಟ್ಟುಹಬ್ಬ; ಹಾಗಾಗಿ ಶನಿವಾರವೇ ಕೇಕ್ ಬಂತು.

ಮೊಮ್ಮಗಳು ಮೇಣದಬತ್ತಿ ಊದಲಿಲ್ಲ. "ನಂಗಿನ್ನೂ ನಾಲ್ಕೇ ವರ್ಷ. ಐದು ಬತ್ತಿ ಯಾಕೆ? ಅಜ್ಜಿ, ನಿಂಗೆ ಲೆಕ್ಕಾನೇ ಬರಲ್ಲ!"

"ಸುಮ್ನೆ ಊದೇ, ತಲೆಹರಟೆ," ಎಂದು ಅಜ್ಜಿಯ ಮಗಳು ಗದರಿದಳು. ಅವಳ ಕಣ್ಣು ಮಾತ್ರ ತಾಯಿಯ ಮೇಲಿತ್ತು.

ಅಜ್ಜಿ ಐದೂ ಬತ್ತಿಗಳತ್ತ ನೋಡಿದಳು. ಗುರುವಾರ ಈ ಮನೆಯಲ್ಲಿ ಯಾರಿಗಾದರೂ ನಗು ಬಂದೀತೇ? ಅವಳು ಬಗ್ಗಿ ತಾನೇ ಬತ್ತಿಗಳನ್ನು ಆರಿಸಿದಳು.

"ಆಯ್ತು ಟೀಚರಮ್ಮ, ಗುರುವಾರಾನೇ ಊದು."

ಕೇಕನ್ನು ಫ್ರಿಜ್ಜಿಗೆ ಒಯ್ಯಲು ಅವಳು ತಟ್ಟೆ ಎತ್ತಿದಳು. ಮಗಳು ಇನ್ನೊಂದು ಬದಿ ಹಿಡಿದುಕೊಂಡಳು.