ಕರಿ ರಬ್ಬರಿನ ಕೈಗಳು

ಆ ಪೆಟ್ಟಿಗೆಯೊಳಗೆ ಕೈ ತೂರಿಸಿದ ಮೇಲೆ ಮೂಗು ಕೆರೆದುಕೊಳ್ಳಲೂ ಇನ್ನೊಬ್ಬರ ದಯೆ ಬೇಕು. ಬ್ಯಾಟರಿ ಕಾರ್ಖಾನೆಯ ಗಾಜಿನ ಪೆಟ್ಟಿಗೆ ಅದು. ಒಳಗೆ ಗಾಳಿಯಿಲ್ಲ, ಬರೀ ಆರ್ಗಾನ್ ಅನಿಲ. ಗಾಜಿಗೆ ಭುಜದುದ್ದದ ಕರಿ ರಬ್ಬರ್ ಗ್ಲೌಸು ಬಿಗಿದಿದ್ದಾರೆ. ಅದರಲ್ಲಿ ಕೈಯಿಟ್ಟು ಅಕ್ಕ ದಿನವಿಡೀ ಲಿಥಿಯಂ ಹಾಳೆ ಉಜ್ಜುತ್ತಾಳೆ. ಗಾಳಿ ತಾಕಿದರೆ ಅದು ಕಪ್ಪಾಗುತ್ತದೆ; ಫಳಫಳ ಹೊಳೆಯುವಾಗಲೇ ಪಿಂಗಾಣಿ ಬಿಲ್ಲೆಯ ಮೇಲೆ ಒತ್ತಿ ಕೂರಿಸಬೇಕು. ನಡುವೆ ಒಂದಿಷ್ಟು ಕಪ್ಪು ಉಳಿದರೂ ಬ್ಯಾಟರಿ ಕೈಕೊಟ್ಟಂತೆಯೇ. ಯಾರಿಗಾದರೂ ಮೂಗು ತುರಿಸಿದರೆ ಕೈ ಹೊರಗಿದ್ದವರು ಹೋಗಿ ಕೆರೆಯಬೇಕು. ಅಲ್ಲಿನ ಹೆಂಗಸರು ತಾವೇ ಮಾಡಿಕೊಂಡ ಕಾನೂನು ಅದು.

ಅಕ್ಕನ ಗ್ಲೌಸಿನ ಹೆಬ್ಬೆರಳು ಹರಿದು ತಿಂಗಳುಗಳೇ ಆದವು. ಗಾಳಿ ನುಸುಳಿ, ಉಜ್ಜಿದ ಹಾಳೆ ಒತ್ತುವ ಮೊದಲೇ ಕಪ್ಪಾಗುತ್ತದೆ. ಮೇಸ್ತ್ರಿಗೆ ಹೇಳಿದಳು, ಇಂಜಿನಿಯರಿಗೆ ಹೇಳಿದಳು. ಗ್ಲೌಸು ಬದಲಿಸಲು ಪೆಟ್ಟಿಗೆ ನಿಲ್ಲಿಸಬೇಕು, ನಿಲ್ಲಿಸಿದರೆ ಉತ್ಪಾದನೆ ಕುಸಿಯುತ್ತದೆ, ಟೇಪು ಸುತ್ತಿಕೋ ಎಂದರು. ಟೇಪಿನ ಮೇಲೆ ಟೇಪು ಬಿದ್ದು ಹೆಬ್ಬೆರಳು ಬದನೆಕಾಯಿಯಾಯಿತು. ಬ್ಯಾಟರಿಗಳು ಮಾತ್ರ ಸಾಯುತ್ತಲೇ ಹೋದವು.

ಈಗ ಬಂಡವಾಳ ಹಾಕುವ ದೊಡ್ಡವರು ನೋಡಲು ಬರುವವರಿದ್ದರು. ಯಾರದಾದರೂ ತಲೆದಂಡ ಬೇಕಿತ್ತು. ಇಂಜಿನಿಯರ್ ಅಕ್ಕನ ಪಕ್ಕ ನಿಂತ.

"ನಿನ್ನ ಕೈ ಸರಿ ಇಲ್ಲಮ್ಮ. ನಾಳೆಯಿಂದ ಬರಬೇಡ."

"ನನ್ನ ಕೈ ಸರಿಯಾಗೇ ಇದೆ ಸಾರ್. ತೂತಿರೋದು ಗ್ಲೌಸು."

ಅವನು ದನಿ ತಗ್ಗಿಸಿದ. "ನನಗೂ ಗೊತ್ತು. ಆದ್ರೆ ಅವರು ಕೇಳಿದ್ರೆ ಯಾರದಾದ್ರೂ ಹೆಸರು ಹೇಳ್ಬೇಕಲ್ಲ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗಂಡ ಸೊಂಟ ಮುರಿದುಕೊಂಡು ಮಲಗಿದ್ದಾನೆ, ಮನೆಯ ಒಲೆ ಉರಿಯುವುದೇ ಇವಳಿಂದ. ಕಣ್ಣೀರು ಮೂಗಿನ ತುದಿಗಿಳಿಯಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಪೆಟ್ಟಿಗೆಯೊಳಗೆ.

ಪಕ್ಕದ ಪೆಟ್ಟಿಗೆಯಲ್ಲಿ ಅಕ್ಕನ ನಾದಿನಿ ಬಿಲ್ಲೆ ಒತ್ತುತ್ತಿದ್ದಳು. ಅರ್ಧಕ್ಕೇ ಬಿಟ್ಟು ಕೈ ಹೊರಗೆಳೆದಳು. ಬಂದು ಅತ್ತಿಗೆಯ ಕಣ್ಣು, ಮೂಗು ಸೆರಗಿನಿಂದ ಒರೆಸಿದಳು. ಕೈ ಒಳಗಿಡು ಎಂದು ಮೇಸ್ತ್ರಿ ಗದರಿದ.

"ನಮ್ಮತ್ತಿಗೆ ಇಲ್ಲದ ಕಡೆ ನನ್ನ ಕೈಯೂ ಇಲ್ಲ," ಎಂದಳು ಅವಳು.

ಆಚೆ ಬದಿಯವಳು ಕೈ ತೆಗೆದಳು. ಅವಳ ಹಿಂದಿನವಳು ತೆಗೆದಳು. ಸಾಲಿಗೆ ಸಾಲೇ ತೆಗೆಯಿತು. ಕೊನೆಗೆ ಅಕ್ಕನೂ ತೆಗೆದಳು. ಒಳಗಿನ ಅನಿಲದ ಒತ್ತಡಕ್ಕೆ ಖಾಲಿ ಗ್ಲೌಸುಗಳೆಲ್ಲ ಉಬ್ಬಿ, ಗಾಜಿನಿಂದ ಹೊರಕ್ಕೆ ಚಾಚಿ ನಿಂತವು.

ಅಷ್ಟರಲ್ಲಿ ಬಾಗಿಲು ತೆರೆದು ದೊಡ್ಡವರು ಬಂದರು. ಕೋಣೆಯುದ್ದಕ್ಕೂ ಕರಿ ಕೈಗಳು ಅವರತ್ತ ಚಾಚಿದ್ದವು. ಟೇಪು ಸುತ್ತಿದ ಆ ಹೆಬ್ಬೆರಳೂ ಅವುಗಳಲ್ಲಿತ್ತು. ಇದೇನೆಂದು ಅವರು ಕೇಳಿದರು. ಇಂಜಿನಿಯರ್ ಆ ಟೇಪಿನ ಕೈಯನ್ನು ಗಡಿಬಿಡಿಯಿಂದ ಒಳಕ್ಕೆ ತಳ್ಳಿದ.

ಬಿಟ್ಟೊಡನೆ ಅದು ಮತ್ತೆ ಹೊರಗೆ ಬಂತು.