ತಮ್ಮ ಎತ್ತಿದ ಬಾವುಟ

ಬಾವುಟ ಮೇಲೆದ್ದದ್ದು ಕಣ್ಣಂಚಿಗೆ ಬಿದ್ದದ್ದೇ ತಡ, ಅವಳು ಸೀಟಿ ಊದಿಬಿಟ್ಟಳು. ಮರುಕ್ಷಣ ಚೆಂಡು ಬಲೆಯೊಳಗಿತ್ತು. ಐಸ್ ಫ್ಯಾಕ್ಟರಿಯ ಹುಡುಗರಿಗೆ ಸೀಟಿ ಕೇಳಿಸಲೇ ಇಲ್ಲ. ಒಬ್ಬರ ಮೇಲೊಬ್ಬರು ಬಿದ್ದು ಉರುಳಾಡುತ್ತಿದ್ದರು. ಗೋಲು ಹೊಡೆದವನು, ಓಟ ನೋಡಿ ಎಲ್ಲರೂ ಚಿಗರೆ ಎಂದು ಕರೆಯುತ್ತಿದ್ದ ಹುಡುಗ, ಅಂಗಿ ಕಿತ್ತು ಗಾಳಿಯಲ್ಲಿ ತಿರುಗಿಸುತ್ತಾ ಓಡುತ್ತಿದ್ದ. ಅವಳು ಇನ್ನೊಮ್ಮೆ ಊದಿ ಕೈ ಮೇಲೆತ್ತಿ ನಿಂತಳು.

"ಗೋಲಿಲ್ಲ. ಆಫ್‌ಸೈಡ್."

ಕುಣಿತ ಒಂದೊಂದೇ ಕಾಲಿನಿಂದ ಇಳಿದುಹೋಯಿತು.

ಆಟ ಮುಗಿಯುವ ಹೊತ್ತು. ಈ ಗೋಲು ಸಿಕ್ಕಿದ್ದರೆ ಐಸ್ ಫ್ಯಾಕ್ಟರಿ ತಂಡ ಫೈನಲ್ ಮುಟ್ಟುತ್ತಿತ್ತು. ಎದುರಿನ ಬಸ್ ಡಿಪೋ ತಂಡಕ್ಕೆ ಸಮ ಆದರೂ ಸಾಕಿತ್ತು. ವಾರವೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡುವ ಅವಳು ಭಾನುವಾರ ಕಪ್ಪು ಅಂಗಿ ತೊಟ್ಟು ರೆಫ್ರಿಯಾಗುತ್ತಿದ್ದಳು. ಈ ಮೈದಾನಕ್ಕೆ ಬರಲು ಈಗ ಬೇರೆ ಯಾರೂ ಒಪ್ಪುತ್ತಿರಲಿಲ್ಲ. ಹಿಂದಿನ ವಾರ ಬಂದ ರೆಫ್ರಿಯ ಸ್ಕೂಟರಿಗೆ ಬೆಂಕಿ ಬಿದ್ದಿತ್ತು. ಅವಳ ತಮ್ಮ ಐಸ್ ಫ್ಯಾಕ್ಟರಿಯವನು ಎಂದು ಗೊತ್ತಿದ್ದೂ ಡಿಪೋದವರು ಅವಳನ್ನು ಒಪ್ಪಿಕೊಂಡರು. ಹಿಂದೊಮ್ಮೆ ಅದೇ ತಮ್ಮನಿಗೆ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸಿದವಳು ಅವಳು.

ಇಂಥ ಆಟಗಳಿಗೆ ಗೆರೆ ಕಾಯಲು ಬೇರೆ ಜನ ಬರುವುದಿಲ್ಲ. ಎರಡೂ ತಂಡದವರು ತಮ್ಮ ಕಡೆಯಿಂದ ಒಬ್ಬೊಬ್ಬನ ಕೈಗೆ ಬಾವುಟ ಕೊಟ್ಟು ನಿಲ್ಲಿಸುತ್ತಾರೆ. ಐಸ್ ಫ್ಯಾಕ್ಟರಿಯವರು ನಿಲ್ಲಿಸಿದ್ದು ಅವಳ ತಮ್ಮನನ್ನು. ಮಂಡಿ ನೋವಿನಿಂದ ಅವನು ಆಟ ತಪ್ಪಿಸಿಕೊಂಡ ಮೇಲೆ ಅವನ ಜಾಗ ಚಿಗರೆಯ ಪಾಲಾಗಿತ್ತು. ಮಂಡಿ ವಾಸಿಯಾದರೂ ಜಾಗ ವಾಪಸ್ ಬಂದಿರಲಿಲ್ಲ. ಆಟಕ್ಕೆ ಮೊದಲು ಅವಳು ಇಬ್ಬರು ಬಾವುಟದವರನ್ನೂ ಕರೆದು, ಎಲ್ಲ ಸಲದಂತೆ ಈ ಸಲವೂ ಹೇಳಿದ್ದಳು: "ಚೆಂಡು ಗೆರೆ ದಾಟಿದ್ರೆ ಮಾತ್ರ ಎತ್ತಿ. ಆಫ್‌ಸೈಡ್ ನನಗೆ ಬಿಡಿ. ಅದಕ್ಕೆ ನೀವು ಎತ್ತಿದ್ರೂ ನಾನು ನೋಡಲ್ಲ."

ಆದರೆ ಚೆಂಡು ಚಿಗರೆಯ ಕಡೆ ಹಾರಿದಾಗ ಅವಳು ಮೈದಾನದ ನಡುವೆ ಕಾಲಿಗೆ ಕಾಲು ಸಿಕ್ಕಿ ಬಿದ್ದಿದ್ದ ಇಬ್ಬರನ್ನು ಬಿಡಿಸುತ್ತಿದ್ದಳು. ತಲೆ ಎತ್ತಿದರೆ ಎಲ್ಲ ದೂರ. ಚಿಗರೆ ಡಿಪೋದ ಕೊನೆಯ ಆಳಿಗಿಂತ ಮುಂದಿದ್ದು ಆಫ್‌ಸೈಡ್ ಆದನೋ, ಸರಿಸಮ ಇದ್ದನೋ, ಅವಳಿಗೆ ಕಾಣಲಿಲ್ಲ. ಕಂಡದ್ದು ಹಳದಿ ಬಾವುಟ. ಬಾಯಲ್ಲಿದ್ದ ಸೀಟಿ ಅವಳನ್ನು ಕೇಳದೆಯೇ ಕೂಗಿತು.

"ಯಾವ ಆಫ್‌ಸೈಡು? ಕಣ್ಣಿಗೂ ಇಸ್ತ್ರಿ ಹಾಕ್ಕೊಂಡು ಬಂದಿದ್ದೀಯಾ?" ಐಸ್ ಫ್ಯಾಕ್ಟರಿಯ ಗೋಲಿ, ಅವರ ಗೋಲ್‌ಕೀಪರ್, ತನ್ನ ಕಂಬಗಳ ನಡುವಿನಿಂದಲೇ ಅರಚುತ್ತಾ ಓಡಿ ಬಂದ.

"ಚಾದರ ಮಡಚ್ಕೊಂಡು ಬಿದ್ದಿರಬೇಕಿತ್ತು ಇವಳು!" ಇನ್ನೊಬ್ಬ ಕೂಗಿದ.

ಕ್ಯಾಪ್ಟನ್ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದ. ಫ್ಯಾಕ್ಟರಿಯಲ್ಲಿ ಮೇಸ್ತ್ರಿ, ಮೈದಾನದಲ್ಲೂ ಮೇಸ್ತ್ರಿ ಎಂದೇ ಹೆಸರು. ಅವನ ದನಿ ಇನ್ನೂ ತಣ್ಣಗಿತ್ತು.

"ಅಕ್ಕ, ನಿಜ ಹೇಳಿ. ನೀವು ಅಲ್ಲಿ ನಡುವೆ ಇದ್ರಿ. ನೀವೇ ನೋಡಿದ್ರಾ? ಇಲ್ಲಾ, ಯಾರಾದ್ರೂ ಬಾವುಟ ಎತ್ತಿದ್ರಾ?"

ಎಲ್ಲರ ಕಣ್ಣು ಚೆಂಡಿನ ಮೇಲಿದ್ದಾಗ ಗೆರೆಯ ಕಡೆ ಯಾರು ನೋಡುತ್ತಾರೆ? ಅವಳೊಬ್ಬಳೇ ನೋಡಿದ್ದು. ಈಗ ಅವಳ ತಮ್ಮ ಬಾವುಟವನ್ನು ಕಾಲಿನ ಹಿಂದೆ ಒತ್ತಿ ಹಿಡಿದು ನಿಂತಿದ್ದ. ಅವನ ಮುಖ ಬಿಳುಚಿಕೊಂಡದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು. ಇವರ ಜೊತೆಗೇ ಅವನು ದಿನವೂ ಐಸ್ ದಿಮ್ಮಿ ಎತ್ತಬೇಕು. ಇವರ ಕೈಯಲ್ಲಿ ದಿನವೂ ಕಬ್ಬಿಣದ ಕೊಕ್ಕೆ ಇರುತ್ತದೆ.

"ನಾನೇ ನೋಡಿದೆ," ಎಂದಳು.

ಮೊದಲು ಬಂದದ್ದು ನೀರಿನ ಬಾಟಲಿ. ಕಿವಿಗೆ ತಗುಲಿತು. ಹಿಂದಿನಿಂದ ಯಾರೋ ತಳ್ಳಿದರು, ಮುಂದಿನವನು ಅವಳನ್ನು ತಿರುಗಿ ಹಿಂದಕ್ಕೆ ತಳ್ಳಿದ. ಕೆಂಪು ಕಾರ್ಡಿಗಾಗಿ ಜೇಬಿಗೆ ಹೋದ ಕೈಯನ್ನು ಒಬ್ಬ ಹಿಡಿದು ತಿರುಚಿದ. ಮೊಣಕೈಯೊಳಗೆ ಏನೋ ಕಳಚಿದಂತಾಯಿತು. ಗೋಲಿಯ ಮುಷ್ಟಿ ಹುಬ್ಬಿನ ಮೇಲೆ ಇಳಿದಾಗ ಮೈದಾನ ಒಮ್ಮೆ ಓರೆಯಾಗಿ ನೇರವಾಯಿತು. ಅವಳು ಬಿದ್ದಳು. ಬಿದ್ದವಳ ಪಕ್ಕೆಗೆ, ತೊಡೆಗೆ, ಬೆನ್ನಿಗೆ ಬೂಟುಗಳು ಬಂದವು. ಬೂಟಿನ ಅಡಿಯ ಮುಳ್ಳುಗಳು ಅಂಗಿಯನ್ನೂ ಚರ್ಮವನ್ನೂ ಒಟ್ಟಿಗೆ ಹರಿದವು. ಅವಳು ಮಂಡಿಗಳನ್ನು ಹೊಟ್ಟೆಗೆ ಎಳೆದುಕೊಂಡು, ಮಲಗಿದ ಮಗುವಿನಷ್ಟು ಚಿಕ್ಕದಾಗಿ ಮುದುಡಿದಳು. ಚಿಗರೆಯೂ ಒದ್ದ. ಅವನು ಮಾತ್ರ ಅಳುತ್ತಾ ಒದೆಯುತ್ತಿದ್ದ.

"ನನ್ನ ಗೋಲು! ನನ್ನ ಗೋಲು ತಿಂದ್ಬಿಟ್ಯಲ್ಲ!"

ಡಿಪೋದವರು ಬ್ಯಾಗುಗಳನ್ನು ಹೆಗಲಿಗೇರಿಸಿ ಗೇಟಿನ ಕಡೆ ನಡೆದಿದ್ದರು. ಯಾರೋ ಒಬ್ಬ ಹಿಂತಿರುಗಿ "ಸಾಕ್ರೋ, ಹೆಂಗಸು ಕಣ್ರೋ" ಅಂದ. ಅಂದವನೂ ನಿಲ್ಲಲಿಲ್ಲ.

ತಮ್ಮ ಓಡಿ ಬಂದು ಅವಳ ಮೇಲೆ ಅಡ್ಡ ಬಿದ್ದ. ಎರಡು ಮೂರು ಒದೆ ಅವನಿಗೂ ಬಿದ್ದವು. ಕೊನೆಗೆ ಮೇಸ್ತ್ರಿ ಒಬ್ಬೊಬ್ಬನ ಕೊರಳಪಟ್ಟಿ ಹಿಡಿದು ಎಳೆದುಹಾಕಿದ. ಹುಡುಗರು ಏದುಸಿರು ಬಿಡುತ್ತಾ ಸುತ್ತ ನಿಂತರು. ಅವಳ ಮುಖದ ರಕ್ತ ನೋಡಿ ಒಬ್ಬನಿಗೆ ಏನನ್ನಿಸಿತೋ, ತಂಡದ ಡ್ರಮ್ಮಿನಿಂದ ಐಸ್ ಒಡೆದು ಟವೆಲಿನಲ್ಲಿ ಸುತ್ತಿ ತಂದು ಪಕ್ಕದಲ್ಲಿಟ್ಟ. ಯಾರ ಕಡೆಯೂ ನೋಡದೆ ಹೋದ.

ಕ್ಲಿನಿಕ್ಕಿನಲ್ಲಿ ಹುಬ್ಬಿಗೆ ಹೊಲಿಗೆ ಬಿತ್ತು. ಮೊಣಕೈಗೆ ಪಟ್ಟಿ ಸುತ್ತಿದರು. "ಯಾರಮ್ಮ ಹೀಗೆ ಹೊಡೆದದ್ದು, ಗಂಡನಾ?" ಎಂದು ನರ್ಸ್ ಕೇಳಿದಳು. "ಗಂಡ ಇಲ್ಲ. ಫುಟ್‌ಬಾಲು," ಎಂದಳು. ನರ್ಸ್ ನಗಬೇಕೋ ಬೇಡವೋ ತಿಳಿಯದೆ ಹತ್ತಿ ಒತ್ತಿದಳು.

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಒಂದು ಕೋಣೆ, ಒಂದು ಅಡುಗೆ ಕಟ್ಟೆ. ಅವಳನ್ನು ಮಂಚದ ಅಂಚಿಗೆ ಕೂರಿಸಿ ತಮ್ಮ ಕೆಳಗೆ ಕುಳಿತು ಬೂಟಿನ ಲೇಸು ಬಿಚ್ಚಿದ. ಅಮ್ಮ ಹೋದಾಗ ಇವನಿಗೆ ಲೇಸು ಕಟ್ಟಲು ಬರುತ್ತಿರಲಿಲ್ಲ. ಅವಳೇ ಉಣಿಸಿ, ಸ್ನಾನ ಮಾಡಿಸಿ, ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಎಷ್ಟು ಕಾಡಿದರೂ ಒಂದು ದಿನ ಅವನ ಮೇಲೆ ಕೈ ಎತ್ತಿದವಳಲ್ಲ.

"ಎಷ್ಟು ಮುಂದಿದ್ದ ಅವನು?" ಎಂದು ಕೇಳಿದಳು. ನೋವಿನ ನಡುವೆಯೂ ಅದೊಂದು ತಿಳಿದರೆ ಸಮಾಧಾನ ಎನ್ನುವ ಹಾಗಿತ್ತು ದನಿ. "ಒಂದು ಹೆಜ್ಜೆನಾ? ಅರ್ಧನಾ?"

ತಮ್ಮ ಲೇಸನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತ.

"ಹೇಳೋ. ನಾಳೆ ನಾಲ್ಕು ಜನ ಕೇಳ್ತಾರೆ."

"ಮುಂದಿರ್ಲಿಲ್ಲ ಅಕ್ಕ."

"ಮತ್ತೆ?"

"ಹಿಂದೆನೇ ಇದ್ದ. ಸರಿಯಾಗೇ ಇದ್ದ." ಅವನು ನೆಲ ನೋಡುತ್ತಲೇ ಹೇಳಿದ. "ಅದು ನನ್ನ ಜಾಗ ಕಣಕ್ಕ. ಆ ಪಾಸು ನನಗೆ ಬರ್ತಿದ್ದ ಪಾಸು. ಅವನು ಓಡೋದು ನೋಡಿ ಹೊಟ್ಟೆ ಉರೀತು. ಕೈ ಎದ್ದುಬಿಡ್ತು. ನೀನು ಬಾವುಟ ನೋಡಲ್ಲ ಅಂದಿದ್ದೆಯಲ್ಲ. ಊದಲ್ಲ ಅಂದ್ಕೊಂಡೆ..."

ಅವಳು ಎದ್ದು ನಿಂತಳು. ಅವನೂ ಎದ್ದ. ಅವಳ ಕೈ ಅವನ ಕೆನ್ನೆಗೆ ಬಿದ್ದ ಸದ್ದಿಗೆ ಗೋಡೆಯ ಹಲ್ಲಿ ಸರಕ್ಕನೆ ಸರಿಯಿತು. ಇನ್ನೊಂದು. ಮತ್ತೊಂದು. ಬಿಸಿ ಇಸ್ತ್ರಿಗೆ ಜಡ್ಡುಗಟ್ಟಿದ ಅಂಗೈ ಅದು. ಅವನ ತುಟಿ ಒಡೆಯಿತು. ಅವನು ತಲೆ ತಗ್ಗಿಸಲಿಲ್ಲ, ಮುಖ ತಿರುಗಿಸಲಿಲ್ಲ. ಅವಳು ಪಟ್ಟಿ ಸುತ್ತಿದ ಕೈಯನ್ನೂ ಎತ್ತಿದಳು. ಅದು ಅರ್ಧಕ್ಕೇ ನಿಂತಿತು, ಬಾಯಿಂದ ಪ್ರಾಣಿಯಂಥ ಒಂದು ಕೂಗು ಹೊರಟಿತು. ಹುಬ್ಬಿನ ಹೊಲಿಗೆ ಬಿಚ್ಚಿಕೊಂಡು ರಕ್ತ ಕಣ್ಣಿಗಿಳಿಯಿತು.

ತಮ್ಮ ತನ್ನ ಅಂಗೈಯನ್ನು ಅವಳ ಹುಬ್ಬಿಗೆ ಒತ್ತಿ ಹಿಡಿದ. ಇನ್ನೊಂದು ಕೈಯಿಂದ ಅವಳ ತಲೆಯ ಹಿಂಭಾಗಕ್ಕೆ ಆಸರೆ ಕೊಟ್ಟ. ಅವಳು ಕೊಸರಾಡಿದಳು, ಅವನು ಬಿಡಲಿಲ್ಲ. ಇಬ್ಬರೂ ಹಾಗೇ ಮಂಚದ ಮೇಲೆ ಕುಸಿದರು. ಅವನ ಬೆರಳುಗಳ ನಡುವಿನಿಂದ ರಕ್ತ ಮಣಿಕಟ್ಟಿಗೆ ಹರಿಯುತ್ತಿತ್ತು.

ಬಾಗಿಲು ಬಡಿದ ಸದ್ದಾಯಿತು.

"ಅಕ್ಕಾ..." ಹೊರಗಿನಿಂದ ಚಿಗರೆಯ ದನಿ. ಅತ್ತು ಅತ್ತು ಕಟ್ಟಿಹೋಗಿತ್ತು. "ಅಕ್ಕಾ, ಇದ್ದೀರಾ? ತಪ್ಪಾಯ್ತು. ಮೇಸ್ತ್ರಿ, ಗೋಲಿ, ಎಲ್ರೂ ಬಂದಿದ್ದೀವಿ. ಆಫ್‌ಸೈಡೇ ಇದ್ದಿರಬೇಕು ಅಕ್ಕ, ನಾನು ನೋಡ್ಕೊಂಡಿರ್ಲಿಲ್ಲ. ಒದೀಬಾರದಿತ್ತು ನಾನು."

ತಮ್ಮ ಅವಳ ಮುಖ ನೋಡಿದ. ರಕ್ತ ತುಂಬದ ಒಂದು ಕಣ್ಣಿನಿಂದ ಅವಳೂ ಅವನನ್ನು ನೋಡಿದಳು. ಹೊರಗೆ ಚಪ್ಪಲಿಗಳು ಕಸಿವಿಸಿಯಿಂದ ಸರಿದಾಡುತ್ತಿದ್ದವು.

"ಹೋಗು," ಎಂದಳು. "ಬಾಗಿಲು ತೆಗಿ."

"ಅಕ್ಕ, ರಕ್ತ..."

"ನಾನು ಹಿಡ್ಕೋತೀನಿ."

ಅವನ ಅಂಗೈ ಸರಿದಲ್ಲಿಗೆ ಅವಳು ತನ್ನ ಅಂಗೈ ಇಟ್ಟುಕೊಂಡಳು. ಅವನು ಹೋಗಿ ಚಿಲಕ ಹಿಡಿದ. ಒದ್ದೆ ಬೆರಳುಗಳಿಗೆ ಅದು ಜಾರಿತು. ಅಂಗಿಗೆ ಕೈ ಒರೆಸಿಕೊಂಡು ಮತ್ತೆ ಹಿಡಿದ.